ಲಂಗರು ಜಾರುತ್ತಿದೆಯಾ? ಮೊದಲು ಹಗ್ಗ ಅಳೆಯಿರಿ

ಪ್ರಶ್ನೆ: ನಾನು ಕುಮಟಾ ಕಡೆಯವನು. ನಿವೃತ್ತನಾದ ಮೇಲೆ 19 ಅಡಿಯ ಫೈಬರ್ ದೋಣಿ ತಗೊಂಡಿದ್ದೇನೆ, 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಅಘನಾಶಿನಿ ಅಳಿವೆಯ ಒಳಗೆ ಗಾಳ ಹಾಕುತ್ತೇನೆ, ಹವೆ ಚೆನ್ನಾಗಿದ್ದರೆ ಹೊರಗೆ ಎಂಟು ಹತ್ತು ಮಾರು ನೀರಿನಲ್ಲೂ ಹಾಕುತ್ತೇನೆ. ನನ್ನ ಹತ್ತಿರ ಇರುವುದು ನಾಲ್ಕು ಕೊಕ್ಕೆಯ ಕಬ್ಬಿಣದ ಲಂಗರು, 6 ಕೆಜಿ, ಅದಕ್ಕೆ 25 ಮೀಟರ್ ಪ್ಲಾಸ್ಟಿಕ್ ಹಗ್ಗ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಎಂಟು ಮಾರಿನಲ್ಲಿ ಲಂಗರು ಹಾಕಿ ಕೂತಿದ್ದೆ. ಅಡಿಯಲ್ಲಿ ಮರಳಿತ್ತು. ಮಧ್ಯಾಹ್ನ ಬುತ್ತಿ ಮುಗಿಸಿ ತಲೆ ಎತ್ತಿದರೆ ದೋಣಿ ದಡದ ಬಂಡೆಗಳ ಹತ್ತಿರ ಬಂದುಬಿಟ್ಟಿತ್ತು. ವೆಲ್ಡಿಂಗ್ ಅಂಗಡಿಯವರು 15 ಕೆಜಿಯದ್ದು ಮಾಡಿಸಿ ಅಂತಾರೆ. ಮಾಡಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಜಾರಿದರೆ ತೂಕ ಹೆಚ್ಚಿಸಿ ಅನ್ನುವುದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು 6 ಕೆಜಿ ಅಲ್ಲ, 25 ಮೀಟರ್.

ಲೆಕ್ಕ ಮಾಡಿ. ಒಂದು ಮಾರು ಅಂದರೆ ಎರಡೂ ಕೈ ಅಗಲಿಸಿದಷ್ಟು, ಸುಮಾರು ಆರು ಅಡಿ. ಎಂಟು ಮಾರು ಅಂದರೆ ಹತ್ತಿರ ಹತ್ತಿರ 15 ಮೀಟರ್. ನಿಮ್ಮ ದೋಣಿಯ ಮೂತಿ ನೀರಿನಿಂದ ಮುಕ್ಕಾಲು ಮೀಟರ್ ಮೇಲಿರುತ್ತದೆ, ಹಗ್ಗ ಹೊರಡುವುದು ಅಲ್ಲಿಂದ ತಾನೇ, ಅದನ್ನೂ ಸೇರಿಸಿ. ಈಗ 25 ಮೀಟರ್ ಹಗ್ಗವನ್ನು ಪೂರ್ತಿ ಬಿಟ್ಟರೂ ಆಳದ ಒಂದೂವರೆ ಪಟ್ಟು ಚಿಲ್ಲರೆ ಅಷ್ಟೇ ಆಯಿತು. ಗಾಳಿಗೆ ಹಗ್ಗ ಬಿಗಿಯಾದಾಗ ಅದು ಲಂಗರನ್ನು ಎಳೆಯುತ್ತಿದ್ದದ್ದು ಹೆಚ್ಚುಕಡಿಮೆ ನಲವತ್ತು ಡಿಗ್ರಿ ಮೇಲ್ಮುಖವಾಗಿ. ಅಂದರೆ ನಿಮ್ಮ ದೋಣಿ ಒಂದೊಂದು ತೆರೆಗೂ ತಾನೇ ಲಂಗರನ್ನು ಕೀಳುತ್ತಾ ಕೂತಿತ್ತು, ನೀವು ಬುತ್ತಿ ಬಿಚ್ಚಿದ್ದಿರಿ.

ಗದ್ದೆ ಉಳುವುದನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಎತ್ತು ಅಡ್ಡಡ್ಡ ಎಳೆದರೆ ನೇಗಿಲು ಮಣ್ಣಿಗೆ ಇಳಿಯುತ್ತದೆ. ಮೂತಿ ಹಿಡಿದು ಮೇಲಕ್ಕೆತ್ತಿದರೆ ಚಿಕ್ಕ ಹುಡುಗ ಕೂಡ ಅದನ್ನು ಹೊರಗೆ ತೆಗೆಯುತ್ತಾನೆ. ಲಂಗರು ಕೂಡ ಹಾಗೇ. ಅಡಿಯ ನೆಲಕ್ಕೆ ಸಮವಾಗಿ ಎಳೆದಷ್ಟೂ ಆಳಕ್ಕೆ ಹೋಗುತ್ತದೆ, ನೆಟ್ಟಗೆ ಮೇಲಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಬಿಟ್ಟುಕೊಡಬೇಕು ಕೂಡ, ಇಲ್ಲದಿದ್ದರೆ ಸಂಜೆ ನೀವು ಅದನ್ನು ಎತ್ತುವುದು ಹೇಗೆ?

ತೂಕದ ಮೇಲಿನ ನಂಬಿಕೆ ನಮ್ಮಲ್ಲಿ ಕಲ್ಲಿನ ಕಾಲದಿಂದ ಬಂದದ್ದು, ನಿಜವಾಗಿಯೂ ಕಲ್ಲಿನ ಕಾಲ. ಪಾತಿ ದೋಣಿಯಲ್ಲಿ ಹೊಳೆಗೆ ಹೋಗುವವರು ಇವತ್ತಿಗೂ ಕಲ್ಲಿಗೆ ಹಗ್ಗ ಕಟ್ಟಿ ಬಿಡುತ್ತಾರೆ, ನಿಂತ ನೀರಿಗೆ ಅದು ಸಾಕು. ಆದರೆ ಕಲ್ಲು ನೀರಿಗೆ ಇಳಿದ ಕೂಡಲೇ ಹಗುರಾಗುತ್ತದೆ. 10 ಕೆಜಿ ಗ್ರಾನೈಟ್ ಕಲ್ಲು ಸಮುದ್ರದಡಿ ತೂಗುವುದು ಆರು ಕೆಜಿ ಚಿಲ್ಲರೆ, ಕಾಂಕ್ರೀಟು ಅದಕ್ಕಿಂತಲೂ ಕಡಿಮೆ. ಕಬ್ಬಿಣ ಪರವಾಗಿಲ್ಲ, ಹತ್ತರಲ್ಲಿ ಎಂಟೂಮುಕ್ಕಾಲು ಉಳಿಯುತ್ತದೆ. ಈಗ ಇನ್ನೊಂದು ಕಡೆ ನೋಡಿ. ಅಮೆರಿಕದಲ್ಲಿ ದೋಣಿ ತಯಾರಿಸುವವರು ಬಳಸುವ ಮಾನದಂಡದ ಪಟ್ಟಿ ಒಂದಿದೆ. ಅದರ ಪ್ರಕಾರ 20 ಅಡಿಯ ದೋಣಿ 15 ನಾಟ್, ಅಂದರೆ ಗಂಟೆಗೆ 28 ಕಿಲೋಮೀಟರ್ ಗಾಳಿಯಲ್ಲಿ ಲಂಗರನ್ನು ಸುಮಾರು 40 ಕೆಜಿ ಬಲದಿಂದ ಎಳೆಯುತ್ತದೆ ಅಂತ ಹಿಡಿಯಬೇಕು. ಗಾಳಿ 30 ನಾಟ್ ಆದರೆ 80 ಆಗುವುದಿಲ್ಲ, 160 ದಾಟುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ನಿಮ್ಮ 6 ಕೆಜಿಯನ್ನು 15 ಮಾಡಿದರೂ, ಬರೀ ತೂಕದಿಂದಲೇ ಇದನ್ನು ತಡೆಯುವುದು ಆಗದ ಮಾತು. ತಡೆಯುವುದು ಅಡಿಯ ಮಣ್ಣು. ಲಂಗರಿನ ಕೆಲಸ ಆ ಮಣ್ಣಿನೊಳಗೆ ಹೋಗಿ ಕೂರುವುದು.

ಹಾಗಾದರೆ ಎಷ್ಟು ಹಗ್ಗ? ಶಾಂತ ನೀರು, ಎಂಜಿನ್ ಚಾಲೂ ಸ್ಥಿತಿಯಲ್ಲಿದೆ, ನೀವು ಎಚ್ಚರವಾಗಿ ಕೂತು ಗಾಳ ಹಾಕುತ್ತಿದ್ದೀರಿ ಅಂದರೆ ಆಳದ ಮೂರು ಪಟ್ಟು ಸಾಕು. ಗಾಳಿ ಇದ್ದರೆ ಐದು ಪಟ್ಟು. ರಾತ್ರಿ ಮಲಗುವುದಾದರೆ ಏಳು. ಆಳ ಅಂದಾಗ ಮೂತಿಯ ಎತ್ತರ ಸೇರಿಸಿ, ಭರತದಲ್ಲಿ ನೀರು ಏರುವುದನ್ನೂ ಸೇರಿಸಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಒಂದೂವರೆ ಎರಡು ಮೀಟರ್ ಏರುತ್ತದೆ, ಹೊರಗೆ ಹತ್ತು ಮಾರಿನಲ್ಲಿ ಇದು ದೊಡ್ಡ ವಿಷಯ ಅಲ್ಲ. ಆದರೆ ಅಳಿವೆಯ ಒಳಗೆ ಇಳಿತದಲ್ಲಿ ಎರಡು ಮೀಟರ್ ನೀರು ಇದೆ ಅಂತ ಆರು ಮೀಟರ್ ಹಗ್ಗ ಬಿಟ್ಟು ಕೂತರೆ, ಭರತ ಬಂದಾಗ ಆಳ ನಾಲ್ಕು ಮೀಟರ್ ಆಗಿ, ಮೂತಿಯ ಮುಕ್ಕಾಲೂ ಸೇರಿ, ನಿಮ್ಮ ಮೂರು ಪಟ್ಟು ಒಂದೂಕಾಲು ಪಟ್ಟಿಗೆ ಇಳಿದಿರುತ್ತದೆ. ಅಳಿವೆಯಲ್ಲಿ ಲಂಗರು 'ತನ್ನಷ್ಟಕ್ಕೆ ತಾನೇ' ಬಿಟ್ಟಿತು ಅನ್ನುವವರ ಕಥೆ ಜಾಸ್ತಿ ಇದೇ.

ನಿಮಗೆ ಹತ್ತು ಮಾರಿನವರೆಗೆ ಹೋಗುವ ಅಭ್ಯಾಸ ಇರುವುದರಿಂದ ನೂರು ಮೀಟರ್ ಹಗ್ಗ ಇರಲಿ. ಜಾಸ್ತಿ ಅನ್ನಿಸುತ್ತದೆ, ಗೊತ್ತು. ಆದರೆ 12 ಮಿಲಿಮೀಟರಿನ ನೈಲಾನ್ ಹಗ್ಗ ನೂರು ಮೀಟರ್ ಅಂದರೆ ಒಂದು ಮೀನಿನ ಕ್ರೇಟಿನಲ್ಲಿ ಕೂರುತ್ತದೆ. 10 ಮಿಲಿಮೀಟರಿನದ್ದೂ ಬಲಕ್ಕೆ ಸಾಕು, ಆದರೆ ಒದ್ದೆ ಕೈಯಲ್ಲಿ ಎಳೆಯುವಾಗ ಸಣ್ಣ ಹಗ್ಗ ಅಂಗೈ ಕೊಯ್ಯುತ್ತದೆ.

ಪ್ಲಾಸ್ಟಿಕ್ ಹಗ್ಗ ಅಂದಿರಿ, ನೀಲಿಯದ್ದೋ ಹಸಿರೋ ಇರಬೇಕು, ಅದು ಪಾಲಿಪ್ರೊಪಿಲೀನ್. ಬಲೆಗೆ, ಫ್ಲೋಟಿಗೆ ಅದು ಒಳ್ಳೆಯದೇ. ಲಂಗರಿಗೆ ಬೇಡ. ಮೊದಲನೆಯದು, ಅದು ತೇಲುತ್ತದೆ. ಗಾಳಿ ನಿಂತಾಗ ಸಡಿಲವಾಗಿ ನೀರಿನ ಮೇಲೆ ಹಾವಿನ ಹಾಗೆ ಹರಡಿಕೊಳ್ಳುತ್ತದೆ, ನಿಮ್ಮದೋ ಪಕ್ಕದವರದೋ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಎರಡನೆಯದು, ಬಿಸಿಲಿಗೆ ಬೇಗ ಸಾಯುತ್ತದೆ. ಕೈಯಲ್ಲಿ ಉಜ್ಜಿದರೆ ಪುಡಿ ಉದುರುತ್ತಿದ್ದರೆ ಅದರ ಆಯಸ್ಸು ಮುಗಿಯಿತು ಅಂತ. ನೈಲಾನ್ ಮುಳುಗುತ್ತದೆ, ಅದಕ್ಕಿಂತ ಮುಖ್ಯವಾಗಿ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ. ತೆರೆ ಬಂದು ದೋಣಿಯನ್ನು ಹಿಂದಕ್ಕೆ ಜಗ್ಗಿದಾಗ ಆ ಜಗ್ಗನ್ನು ಹಗ್ಗವೇ ನುಂಗುತ್ತದೆ, ಲಂಗರಿಗೆ ಮುಟ್ಟುವುದು ಮೆತ್ತಗೆ.

ಇನ್ನು ಚೈನು. ನಿಮ್ಮ ಲಂಗರಿಗೆ ಚೈನೇ ಇಲ್ಲ, ಹಗ್ಗ ನೇರವಾಗಿ ಬಳೆಗೇ ಕಟ್ಟಿದ್ದೀರಿ ಅಂತ ಕಾಣುತ್ತದೆ. ದೋಣಿಯ ಉದ್ದದಷ್ಟು, ಅಂದರೆ 6 ಮೀಟರ್, 8 ಮಿಲಿಮೀಟರಿನ ಗ್ಯಾಲ್ವನೈಸ್ಡ್ ಚೈನು ತನ್ನಿ. ಮೀಟರಿಗೆ 1.4 ಕೆಜಿ ತೂಗುತ್ತದೆ, ಒಟ್ಟು ಎಂಟೂವರೆ ಕೆಜಿ ಹತ್ತಿರ. ಈಗ ತಮಾಷೆ ನೋಡಿ: ನಿಮ್ಮ 6 ಕೆಜಿ ಲಂಗರಿಗೆ ಈ ಚೈನು ಸೇರಿದರೆ ಹದಿನಾಲ್ಕೂವರೆ ಕೆಜಿ. ವೆಲ್ಡಿಂಗ್ ಅಂಗಡಿಯವರು ಹೇಳಿದ 15 ಕೆಜಿಯಷ್ಟೇ ತೂಕ, ಎತ್ತುವ ನಿಮ್ಮ ಬೆನ್ನಿಗೆ ಎರಡೂ ಒಂದೇ. ಆದರೆ ಆ ತೂಕ ಲಂಗರಿನಲ್ಲೇ ಗಂಟಾಗಿದ್ದರೆ ಬರೀ ಭಾರ, ಚೈನಾಗಿ ನೆಲದ ಮೇಲೆ ಮಲಗಿದರೆ ಎಳೆತದ ದಿಕ್ಕನ್ನೇ ಕೆಳಕ್ಕೆ ತಗ್ಗಿಸುತ್ತದೆ. ಜೊತೆಗೆ ಬಂಡೆಗೆ ಉಜ್ಜುವುದು ಚೈನು, ಹಗ್ಗ ಅಲ್ಲ. ಕಲ್ಲಿನ ಮೇಲಿನ ಸಿಂಪಿ ಚಿಪ್ಪು ನೈಲಾನನ್ನು ಕತ್ತರಿಸಲು ಅರ್ಧ ಗಂಟೆ ಸಾಕು.

ಚೈನಿಗೆ ಹಗ್ಗ ಸೇರಿಸುವಾಗ ಗಂಟು ಹಾಕಬೇಡಿ. ಗಂಟು ಹಗ್ಗದ ಬಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಕಬ್ಬಿಣದ ತಿಂಬಲ್, ಅಂದರೆ ಹಗ್ಗದ ಕುಣಿಕೆ ಸವೆಯದಂತೆ ಒಳಗೆ ಕೂರಿಸುವ ಬಳೆ, ಇಟ್ಟು, ಹಗ್ಗದ ಮೂರು ಎಳೆ ಬಿಡಿಸಿ ಹಗ್ಗದೊಳಗೇ ಹೆಣೆಸಿ. ಬಂದರಿನಲ್ಲಿ ಬಲೆ ಕೆಲಸ ಮಾಡುವ ಯಾರನ್ನು ಕೇಳಿದರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಚೈನನ್ನು ಲಂಗರಿಗೆ ಸೇರಿಸುವ ಕೊಂಡಿ ಇದೆಯಲ್ಲ, ಶ್ಯಾಕಲ್, ಅದರ ಪಿನ್ ತಿರುಗಿಸಿ ಬಿಗಿ ಮಾಡಿದ ಮೇಲೆ ಅದರ ತೂತಿಗೆ ತಂತಿ ಹಾಕಿ ಸುತ್ತಿ. ಇಲ್ಲದಿದ್ದರೆ ನೀರಿನಡಿ ಅದು ಅಲುಗಾಡಿ ಅಲುಗಾಡಿ ಬಿಚ್ಚಿಕೊಳ್ಳುತ್ತದೆ, ಒಂದು ದಿನ ನೀವು ಎತ್ತಿದಾಗ ಬರುವುದು ಬರೀ ಚೈನು.

ಈಗ ಲಂಗರಿಗೆ ಬರೋಣ. ನಾಲ್ಕು ಕೊಕ್ಕೆಯದ್ದು ಬಂಡೆಯ ಜಾಗಕ್ಕೆ ಹೇಳಿ ಮಾಡಿಸಿದ್ದು, ಅದರ ಬೆರಳು ಸಂದಿಗೆ ಸಿಕ್ಕಿ ಹಿಡಿಯುತ್ತದೆ. ಮರಳಿನಲ್ಲಿ ಅದೇ ಬೆರಳು ಬಾಚಣಿಗೆಯ ಹಾಗೆ ಗೆರೆ ಎಳೆಯುತ್ತಾ ಹೋಗುತ್ತದೆ. ಮರಳಿಗೆ, ಕೆಸರಿಗೆ ಬೇಕಾದದ್ದು ಅಗಲ ರೆಕ್ಕೆಯದ್ದು, ಡ್ಯಾನ್‌ಫೋರ್ತ್ ಮಾದರಿ. ಎರಡು ಚಪ್ಪಟೆ ರೆಕ್ಕೆ, ನಡುವೆ ಮಡಚುವ ದಂಡ. ಎರಡನೇ ಮಹಾಯುದ್ಧದಲ್ಲಿ ಸೈನ್ಯವನ್ನು ದಡಕ್ಕೆ ಇಳಿಸುವ ದೋಣಿಗಳಿಗೆ ಬಳಕೆಯಾದ ಮಾದರಿ ಇದು. ಆ ದೋಣಿಗಳು ದಡಕ್ಕೆ ನುಗ್ಗುವ ಮೊದಲು ಹಿಂಬದಿಯಿಂದ ಲಂಗರು ಬಿಟ್ಟು, ಆಮೇಲೆ ಅದೇ ಹಗ್ಗ ಎಳೆದುಕೊಂಡು ಮರಳಿನಿಂದ ಹಿಂದಕ್ಕೆ ಬರುತ್ತಿದ್ದವು, ಅಷ್ಟು ಗಟ್ಟಿ ಹಿಡಿತ. ನಿಮ್ಮ ದೋಣಿಗೆ 6 ಕೆಜಿಯದ್ದು ಸಾಕು.

ಅದನ್ನು ಲೋಕಲ್ ಆಗಿ ಮಾಡಿಸುವುದಾದರೆ ಒಂದು ಮಾತು. ರೆಕ್ಕೆ ಮತ್ತು ದಂಡದ ನಡುವಿನ ಕೋನವೇ ಅದರ ಜೀವ. ಮರಳಿಗೆ 32 ಡಿಗ್ರಿ ಆಸುಪಾಸು, ತೀರಾ ಮೆತ್ತನೆ ಕೆಸರಿಗೆ 45ರ ಹತ್ತಿರ. ಕಣ್ಣಂದಾಜಿನಲ್ಲಿ ವೆಲ್ಡ್ ಮಾಡಿದ ಒಂದನ್ನು ನಾನು ಒಂದು ಸೀಸನ್ ಪೂರ್ತಿ ಬೈದುಕೊಂಡೇ ಬಳಸಿದೆ. ನೋಡಲು ಬಹಳ ಚಂದ ಇತ್ತು, ಅಲ್ಯೂಮಿನಿಯಂ ಪೇಂಟ್ ಬೇರೆ. ನೀರಿನಡಿ ಮಾತ್ರ ಮಗುಚಿ ಮಲಗುತ್ತಿತ್ತು. ದಬ್ಬೆಯಲ್ಲಿ ಕೋನ ಕತ್ತರಿಸಿಕೊಂಡು ಹೋಗಿ, ಅದನ್ನೇ ಇಟ್ಟು ವೆಲ್ಡ್ ಮಾಡಲು ಹೇಳಿ.

ಅಡಿಯಲ್ಲಿ ಏನಿದೆ ಅಂತ ತಿಳಿಯಲು ಹಳಬರ ಉಪಾಯ ಒಂದಿದೆ. ಸೀಸದ ಗುಂಡಿನ ತಳಕ್ಕೆ ಬಟ್ಟೆ ಒಗೆಯುವ ಸೋಪನ್ನು ಮೆತ್ತಿ, ದಾರ ಕಟ್ಟಿ ಇಳಿಸಿ, ನೆಲಕ್ಕೆ ಎರಡು ಸಲ ತಟ್ಟಿಸಿ ಎತ್ತಿ. ಸೋಪಿಗೆ ಮರಳಿನ ಕಾಳು ಅಂಟಿದ್ದರೆ ಮರಳು, ಬೂದಿ ಬಣ್ಣದ ಜಿಗುಟು ಹತ್ತಿದ್ದರೆ ಕೆಸರು, ಸೋಪಿಗೆ ಗೀರು ಬಿದ್ದು ಬರೀ ಬಂದರೆ ಬಂಡೆ. ದಾರ ಎಷ್ಟು ಮಾರು ಹೋಯಿತು ಅನ್ನುವುದು ಆಳ. ಫಿಶ್ ಫೈಂಡರ್ ಇದ್ದವರಿಗೂ ನಾನು ಇದನ್ನು ಒಂದು ಸಲ ಮಾಡಿ ನೋಡಿ ಅನ್ನುತ್ತೇನೆ. ಕೈಗೆ ಹತ್ತಿದ ಮಣ್ಣು ಮರೆಯುವುದಿಲ್ಲ.

ನಿಮ್ಮ ಡಿಸೆಂಬರಿನ ಕಥೆಗೆ ವಾಪಸ್ ಬರೋಣ, ಅದರಲ್ಲಿ ಇನ್ನೊಂದು ಸುಳಿವು ಇದೆ. ಬೆಳಿಗ್ಗೆ ಹಾಕಿದ್ದು, ಮಧ್ಯಾಹ್ನ ಜಾರಿದ್ದು. ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ಬೆಳಿಗ್ಗೆ ಗಾಳಿ ಮೂಡಣದಿಂದ, ನೆಲದಿಂದ ಕಡಲಿಗೆ. ದೋಣಿಯ ಹಿಂಬದಿ ಕಡಲ ಕಡೆ ಇರುತ್ತದೆ. ಹೊತ್ತೇರುತ್ತಾ ನೆಲ ಕಾದು, ಗಾಳಿ ಒಂದಷ್ಟು ಹೊತ್ತು ಸತ್ತಂತಾಗಿ, ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ, ಅದು ಬೆಳಗಿನದ್ದಕ್ಕಿಂತ ಜೋರು. ದೋಣಿ ಪೂರ್ತಿ ತಿರುಗಿ ದಡದ ಕಡೆ ಬಾಲ ಮಾಡುತ್ತದೆ. ಬೆಳಿಗ್ಗೆ ಒಂದು ದಿಕ್ಕಿಗೆ ಹೂತಿದ್ದ ಲಂಗರನ್ನು ಈಗ ಉಲ್ಟಾ ದಿಕ್ಕಿಗೆ ಎಳೆದು ಕಿತ್ತ ಹಾಗಾಯಿತು. ಕಿತ್ತ ಮೇಲೆ ಅದು ಮತ್ತೆ ಕಚ್ಚಲು ಹಗ್ಗ ಬೇಕು, ನಿಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಗಾಳಿ ಸತ್ತಾಗ ಊಟಕ್ಕೆ ಕೂರಬೇಡಿ. ಆಗಲೇ ಲಂಗರು ಎತ್ತಿ, ಹೊಸ ಗಾಳಿಗೆ ಮುಖ ಮಾಡಿ ಮತ್ತೆ ಹಾಕಿ, ಆಮೇಲೆ ಬುತ್ತಿ. ಅಳಿವೆಯಲ್ಲೂ ಭರತ ಹೋಗಿ ಇಳಿತ ಶುರುವಾಗುವಾಗ ಇದೇ ಪಾಠ.

ಹಾಕುವ ರೀತಿಗೆ ಬಂದರೆ, ನಾನು ಹುಡುಗನಾಗಿದ್ದಾಗ ದೋಣಿಯ ಮೂತಿಯಲ್ಲಿ ನಿಂತು ಲಂಗರನ್ನು ಬೀಸಿ ಎಸೆಯುತ್ತಿದ್ದೆ, ಸಿನಿಮಾದಲ್ಲಿ ಎಸೆದ ಹಾಗೆ. ಹಿಂದೆ ಕೂತಿದ್ದ ಅಜ್ಜ ಒಬ್ಬರು, "ಒಗೆಯೂದಲ್ಲ ತಮಾ, ಇಳಿಸೂದು" ಅಂದರು. ಎಸೆದರೆ ಚೈನು ಲಂಗರಿನ ಮೇಲೇ ಗುಡ್ಡೆಯಾಗಿ ಬಿದ್ದು ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಗಾಳಿ ಅಥವಾ ಸೆಳವು, ಯಾವುದು ಜೋರೋ ಅದಕ್ಕೆ ಮೂತಿ ಕೊಟ್ಟು ಹೋಗಿ. ದೋಣಿ ನಿಂತು ಹಿಂದಕ್ಕೆ ತೇಲಲು ಶುರುವಾದಾಗ ಲಂಗರನ್ನು ಕೈಯಲ್ಲಿ ಇಳಿಸಿ. ನೆಲ ಮುಟ್ಟಿದ್ದು ಹಗ್ಗ ಸಡಿಲವಾದಾಗ ಕೈಗೆ ತಿಳಿಯುತ್ತದೆ. ಆಮೇಲೆ ದೋಣಿ ಹಿಂದೆ ಹೋದಷ್ಟೇ ಹಗ್ಗ ಬಿಡುತ್ತಾ ಹೋಗಿ, ಮೂರು ಪಟ್ಟು ಹೋದಾಗ ಒಮ್ಮೆ ತಡೆದು ಕಚ್ಚಲು ಬಿಡಿ, ಉಳಿದದ್ದನ್ನು ಬಿಟ್ಟು ಮೂತಿಯ ಗೂಟಕ್ಕೆ ಕಟ್ಟಿ ಎಂಜಿನನ್ನು ಮೆಲ್ಲಗೆ ರಿವರ್ಸ್ ಹಾಕಿ. ಬಿಗಿಯಾದ ಹಗ್ಗದ ಮೇಲೆ ಅಂಗೈ ಇಡಿ. ಕಚ್ಚಿದ್ದರೆ ಹಗ್ಗ ತಂತಿಯ ಹಾಗೆ ನಿಲ್ಲುತ್ತದೆ. ಜಾರುತ್ತಿದ್ದರೆ ಗರಗರ ಅಂತ ಒಂದು ನಡುಕ ಅಂಗೈಗೆ ಬರುತ್ತದೆ, ಹಳೇ ಎತ್ತಿನ ಗಾಡಿ ಕಲ್ಲು ರಸ್ತೆಯಲ್ಲಿ ಹೋದಂತೆ. ಆಮೇಲೆ ದಡದಲ್ಲಿ ಒಂದರ ಹಿಂದೆ ಒಂದು ಬರುವ ಎರಡು ಗುರುತು ಹಿಡಿಯಿರಿ, ಮುಂದೆ ತೆಂಗಿನ ಮರ, ಹಿಂದೆ ಮೊಬೈಲ್ ಟವರ್ ಅಂತಿಟ್ಟುಕೊಳ್ಳಿ. ಇಂಥ ಜೋಡಿ ದೋಣಿಯ ಪಕ್ಕಕ್ಕೆ ಇರಬೇಕು. ಅವೆರಡೂ ಬೇರೆಯಾಗುತ್ತಾ ಹೋದರೆ ನೀವು ಜಾರುತ್ತಿದ್ದೀರಿ.

ಹಗ್ಗಕ್ಕೆ ಐದೈದು ಮಾರಿಗೆ ಬಟ್ಟೆಚೂರು ಹೆಣೆದಿಡಿ, ಎಷ್ಟು ಬಿಟ್ಟಿರಿ ಅಂತ ಅಂದಾಜು ಹೊಡೆಯುವುದು ತಪ್ಪುತ್ತದೆ. ಹೋಗುತ್ತಿರುವ ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ. ಮತ್ತೆ ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯಾ ನೋಡಿಕೊಳ್ಳಿ. ನಗಬೇಡಿ. ಗಂಗೊಳ್ಳಿ ಹೊರಗೆ ನಾನು ಹೊಸ ಹಗ್ಗ, ಹೊಸ ಚೈನು, ಹೊಸ ಲಂಗರು ಮೂರನ್ನೂ ಬಹಳ ಶಿಸ್ತಿನಿಂದ ಇಳಿಸುತ್ತಾ ಇಳಿಸುತ್ತಾ, ಕೊನೆಯ ತುದಿ ಕೈಯಿಂದ ಜಾರಿ ನೀರಿಗೆ ಹೋಗುವುದನ್ನು ನಿಂತು ನೋಡಿದ್ದೇನೆ. ಜೊತೆಗಿದ್ದವನು ಏನೂ ಮಾತಾಡಲಿಲ್ಲ, ಬೀಡಿ ಹಚ್ಚಿದ.

ಬಂಡೆಯಲ್ಲಿ ಮುರು ಮೀನಿಗೆ ಕೂರುವವರಿಗೆ ಜಾರುವುದಕ್ಕಿಂತ ಸಿಕ್ಕಿಕೊಳ್ಳುವುದು ದೊಡ್ಡ ತಲೆನೋವು. ನಿಮ್ಮ ಹಳೇ ನಾಲ್ಕು ಕೊಕ್ಕೆಯದ್ದನ್ನು ಅದಕ್ಕೆ ಇಟ್ಟುಕೊಳ್ಳಿ, ಚೈನನ್ನು ಮಾತ್ರ ಮೇಲಿನ ಬಳೆಗೆ ಕಟ್ಟದೆ ಕೊಕ್ಕೆಗಳು ಕೂಡುವ ಬುಡಕ್ಕೆ ಶ್ಯಾಕಲ್ ಹಾಕಿ. ದಂಡದ ಉದ್ದಕ್ಕೂ ತಂದು ಬಳೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈನಿಂದ ಬಿಗಿಯಿರಿ. ಮಾಮೂಲಿ ಎಳೆತಕ್ಕೆ ಟೈ ತಡೆಯುತ್ತದೆ. ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ಟೈ ಕಡಿದು, ಲಂಗರು ಬುಡ ಮೇಲಾಗಿ ಹೊರಗೆ ಬರುತ್ತದೆ. ಕೊಕ್ಕೆಯ ಸರಳು ಸ್ವಲ್ಪ ಸಣ್ಣದಿದ್ದು ಬಾಗುವಂತಿದ್ದರೆ ಇನ್ನೂ ಒಳ್ಳೆಯದು, ಮನೆಗೆ ಬಂದು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಬಹುದು. ಹಗಲಲ್ಲಿ ಮಾತ್ರ ಈ ಕಟ್ಟು. ಕೇಬಲ್ ಟೈ ನಂಬಿ ರಾತ್ರಿ ನಿದ್ದೆ ಮಾಡಬೇಡಿ. ನೇತ್ರಾಣಿಯಂಥ ಹವಳದ ಜಾಗದಲ್ಲಿ ಲಂಗರೇ ಬೇಡ.

ಇಷ್ಟಾದರೂ ಬಾರದಿದ್ದರೆ? ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಹಗ್ಗವನ್ನು ಹಿಂಬದಿಗೆ ಕಟ್ಟಿ ಎಂಜಿನ್ ಏರಿಸಬೇಡಿ. 2009ರ ಫೆಬ್ರವರಿ 28ರಂದು ಅಮೆರಿಕದ ಫ್ಲೋರಿಡಾದಲ್ಲಿ, ಕ್ಲಿಯರ್‌ವಾಟರ್ ಕಡೆಯಿಂದ ನಾಲ್ವರು ಗೆಳೆಯರು 21 ಅಡಿಯ ದೋಣಿಯಲ್ಲಿ ಮೆಕ್ಸಿಕೋ ಕೊಲ್ಲಿಗೆ ಮೀನು ಹಿಡಿಯಲು ಹೋದರು. ನಾಲ್ವರೂ ಅಮೆರಿಕನ್ ಫುಟ್‌ಬಾಲ್ ಆಡಿದ ಗಟ್ಟಿ ಆಳುಗಳು. ಹೊರಡುವಾಗ ಲಂಗರು ಸಿಕ್ಕಿಕೊಂಡಿತು. ಹಗ್ಗವನ್ನು ಹಿಂಬದಿಗೆ ಕಟ್ಟಿ ಎಂಜಿನ್ ಕೊಟ್ಟರು. ಹಿಂಬದಿ ನೀರಿಗೆ ಕುಗ್ಗಿ, ನೀರು ನುಗ್ಗಿ ದೋಣಿ ಮಗುಚಿತು. ಮೂವರು ಸತ್ತರು. ಒಬ್ಬ, ನಿಕ್ ಸ್ಕೈಲರ್, ಮಗುಚಿದ ದೋಣಿಯನ್ನು ಹಿಡಿದುಕೊಂಡು ಎರಡು ರಾತ್ರಿ ಕಳೆದು ಮಾರ್ಚ್ 2ರಂದು ಸಿಕ್ಕಿದ. ನಮ್ಮ ಔಟ್‌ಬೋರ್ಡ್ ದೋಣಿಗಳೂ ಹಾಗೇ, ಹಿಂಬದಿ ತಗ್ಗು, ಎಂಜಿನಿನ ಭಾರ ಅಲ್ಲೇ, ಎಂಜಿನ್ ನಡೆಸುವವನೂ ಅಲ್ಲೇ. ಅದಕ್ಕೇ ಸುಮ್ನೆ ಗಾಳ ಹಾಕಲು ಕೂರುವಾಗಲೂ ಹಿಂಬದಿಯಿಂದ ಲಂಗರು ಹಾಕಬಾರದು.

ಸರಿಯಾದ ದಾರಿ ಅಂದರೆ ಹಗ್ಗ ಎಳೆದುಕೊಂಡು ಲಂಗರಿನ ನೆತ್ತಿಗೆ ಬನ್ನಿ. ಹಗ್ಗ ನೆಟ್ಟಗಾದಾಗ ಮೂತಿಯ ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿಯಿರಿ, ತೆರೆ ಮೂತಿಯನ್ನು ಎತ್ತುವಾಗ ಅದೇ ಕೀಳುತ್ತದೆ. ಮೂತಿ ಕೆಳಕ್ಕೆ ಕಚ್ಚುತ್ತಿದೆ ಅನ್ನಿಸಿದರೆ ಕೂಡಲೇ ಬಿಡಿ. ಆಗಲಿಲ್ಲವಾ, ಸಡಿಲ ಬಿಟ್ಟು, ಹಾಕಿದಾಗ ಎಳೆದ ದಿಕ್ಕಿಗೆ ವಿರುದ್ಧವಾಗಿ ಹೋಗಿ ಮೂತಿಯಿಂದಲೇ ಮೆಲ್ಲಗೆ ಎಳೆಯಿರಿ. ಅದೂ ಆಗಲಿಲ್ಲ ಅಂದರೆ ಚಾಕು. ಕೈಗೆ ಸಿಗುವ ಜಾಗದಲ್ಲಿ, ಮೂತಿಯ ಹತ್ತಿರವೇ ಒಂದು ಹರಿತವಾದ ಚಾಕು ಕಟ್ಟಿಡಿ, ಟೂಲ್ ಬಾಕ್ಸಿನ ತಳದಲ್ಲಿ ಅಲ್ಲ.

ಅಳಿವೆ ಬಾಗಿಲಲ್ಲಿ, ತೆರೆ ಒಡೆಯುವ ಜಾಗದಲ್ಲಿ ಲಂಗರು ಹಾಕಿ ಕೂರಬೇಡಿ, ಬೋಟುಗಳು ಓಡಾಡುವ ದಾರಿಯಲ್ಲೂ ಬೇಡ. 7 ಮೀಟರಿಗಿಂತ ಚಿಕ್ಕ ದೋಣಿಗೆ ಬಯಲು ನೀರಿನಲ್ಲಿ ಲಂಗರಿನ ದೀಪ ಕಡ್ಡಾಯ ಅಲ್ಲ, ಆದರೆ ರಾತ್ರಿ ಟ್ರಾಲರಿನವರಿಗೆ ನೀವು ಕಾಣಬೇಕಲ್ಲ. ಸುತ್ತಲೂ ಕಾಣುವ ಒಂದು ಬಿಳಿ ದೀಪ ಎತ್ತರದಲ್ಲಿ ಕಟ್ಟಿ. ಎಂಜಿನ್ ಕೆಟ್ಟು ಗಾಳಿ ನಿಮ್ಮನ್ನು ಬಂಡೆಯ ಕಡೆ ತಳ್ಳುತ್ತಿದ್ದರೆ ಮಾತ್ರ ಈ ಲೆಕ್ಕ ಗಿಕ್ಕ ಎಲ್ಲ ಬಿಟ್ಟು, ಮೊದಲು ಲಂಗರು ಇಳಿಸಿ ಪೂರ್ತಿ ನೂರು ಮೀಟರ್ ಬಿಡಿ, ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ.

ಕೊಳ್ಳುವ ಕ್ರಮ ಕೇಳಿದರೆ ಈ ವಾರ ಚೈನು ಮತ್ತು ನೈಲಾನ್ ಹಗ್ಗ. ಡ್ಯಾನ್‌ಫೋರ್ತ್ ಮುಂದಿನ ತಿಂಗಳಾದರೂ ಆದೀತು, ಅಲ್ಲಿಯವರೆಗೆ ಮರಳಿನಲ್ಲಿ ಗಾಳಿ ಏಳುವ ಮೊದಲೇ ವಾಪಸ್ ಬನ್ನಿ. ಆ ನೀಲಿ ಹಗ್ಗ ಬಿಸಾಡಬೇಡಿ, ಪುಡಿ ಉದುರದಿದ್ದರೆ ದಡದಲ್ಲಿ ದೋಣಿ ಕಟ್ಟಲು ಬರುತ್ತದೆ.